ತುಟ್ಟಿ ಪೆಟ್ಟಿಗೆ ಸೋವಿ ಆಗುವ ಬಗೆ

ಸಿಂದಗಿಯಲ್ಲಿರುವ ನನ್ನ ಅಣ್ಣನ ಮಗ ಎಂಟನೇ ಇಯತ್ತೆಯಲ್ಲಿದ್ದಾಗ ಫೋನ್ ಮಾಡಿ ಕೇಳಿದ್ದ: ‘ಕಾಕಾ, ಪ್ಲೇಸ್ಟೇಷನ್ ಫೈವ್ ಯಾವಾಗ ಸೋವಿ ಆಕ್ಕೈತ್ರಿ?’ ಆಗಷ್ಟೇ, 2021ರ ಫೆಬ್ರುವರಿ 2ಕ್ಕೆ, ಸೋನಿ ಕಂಪನಿಯ ಆ ಆಟದ ಯಂತ್ರ ಭಾರತದ ಅಂಗಡಿಗಳಿಗೆ ಬಂದಿತ್ತು. ಡಿಸ್ಕ್ ಹಾಕುವ ಮಾದರಿಗೆ 49,990 ರೂಪಾಯಿ, ಡಿಸ್ಕ್ ಇಲ್ಲದ್ದಕ್ಕೆ 39,990. ‘ಎರಡು ವರ್ಷ ತಡಿ. ಇಂಥವೆಲ್ಲ ಹೊಸತರಾಗ ತುಟ್ಟಿ ಇರ್ತಾವ, ಆಮ್ಯಾಲ ಇಳೀತಾವ’ ಅಂದೆ. ಪೂರ್ತಿ ನಂಬಿಕೆಯಿಂದ ಹೇಳಿದ ಮಾತು ಅದು. ಹುಡುಗ ಪಂಚಮಿಗೆ, ದೀಪಾವಳಿಗೆ ಹಿರಿಯರು ಕೈಗಿಟ್ಟ ರೊಕ್ಕ ಕೂಡಿಡತೊಡಗಿದ.

2022ರ ನವೆಂಬರ್‌ನಲ್ಲಿ ಬೆಲೆ ಬದಲಾಯಿತು, ಆದರೆ ಮೇಲಕ್ಕೆ: 54,990 ಮತ್ತು 44,990. ಆಗ ಅವನು ಹತ್ತನೇ ಇಯತ್ತೆ. 2024ರ ಏಪ್ರಿಲ್‌ನಲ್ಲಿ ತೆಳ್ಳಗಿನ ಹೊಸ ಮಾದರಿ ಬಂತು. ಗಾತ್ರ ಇಳಿದಿತ್ತು, ತೂಕ ನಾಲ್ಕೂವರೆ ಕಿಲೋದಿಂದ ಮೂರು ಕಿಲೋ ಚಿಲ್ಲರೆಗೆ ಬಂದಿತ್ತು, ಬೆಲೆ ಮಾತ್ರ ಅದೇ 54,990. ಅವನು ಸಿಟ್ಟಾಗಲಿಲ್ಲ. ‘ನೀವು ಇಳೀತೈತಿ ಅಂದಿದ್ರಿ’ ಎಂದಷ್ಟೇ ಹೇಳಿದ. ಆ ಮಾತು ನನ್ನ ಮನಸ್ಸಿನಲ್ಲಿ ಉಳಿಯಿತು. ಮೂವತ್ತು ವರ್ಷ ಸರಿಯಾಗಿದ್ದ ಬುದ್ಧಿಮಾತು ಅವನ ಕಾಲಕ್ಕೆ ಯಾಕೆ ತಪ್ಪಾಯಿತು ಎಂಬುದನ್ನು ಅವನಿಗೂ, ಅವನಂತೆ ರೊಕ್ಕ ಕೂಡಿಸಿ ಕಾಯುತ್ತಿರುವ ನಮ್ಮ ಕಡೆಯ ಮಕ್ಕಳಿಗೂ ಅವರ ತಂದೆ-ತಾಯಿಗೂ ಬಿಡಿಸಿ ಹೇಳಬೇಕು ಅನ್ನಿಸಿ ಇದನ್ನು ಬರೆಯುತ್ತಿದ್ದೇನೆ.

ನನಗೆ ಆ ನಂಬಿಕೆ ಹುಟ್ಟಿದ್ದು ಮುದ್ದೇಬಿಹಾಳದಲ್ಲಿ. ಅಲ್ಲಿ ನಮ್ಮ ಸೋದರಮಾವನಿಗೆ ರೇಡಿಯೋ-ಟಿವಿ ರಿಪೇರಿ ಅಂಗಡಿ ಇತ್ತು. ತೊಂಬತ್ತರ ದಶಕದ ಬೇಸಿಗೆ ಸೂಟಿಯೆಲ್ಲ ನನಗೆ ಅಲ್ಲೇ. ಆ ವರ್ಷಗಳಲ್ಲಿ ಊರಿನ ಅನುಕೂಲಸ್ಥರ ಮನೆಗಳಿಗೆ ‘ಟಿವಿ ಗೇಮ್’ ಬರತೊಡಗಿತ್ತು. ಎರಡು ರಿಮೋಟು, ಒಂದು ಪ್ಲಾಸ್ಟಿಕ್ ಪಿಸ್ತೂಲು, ಹಳದಿ ಬಣ್ಣದ ಕ್ಯಾಸೆಟ್. ಕ್ಯಾಸೆಟ್ ಹತ್ತದಿದ್ದರೆ ಬಾಯಿಂದ ಊದಿ ಮತ್ತೆ ಹಾಕುವುದು. ಸೂಟಿ ಮುಗಿಯುವಷ್ಟರಲ್ಲಿ ಒಂದಿಷ್ಟು ಕೆಟ್ಟು ಮಾವನ ಮೇಜಿಗೆ ಬರುತ್ತಿದ್ದವು.

ಮೊದಲ ಸಲ ಮಾವ ಒಂದನ್ನು ಬಿಚ್ಚಿದಾಗ ನಾನು ಬೆರಗಾದೆ. ಅಷ್ಟು ದೊಡ್ಡ ಪೆಟ್ಟಿಗೆಯ ಒಳಗೆ ಮುಕ್ಕಾಲು ಭಾಗ ಬರೀ ಗಾಳಿ. ಎರಡು ಬೆಂಕಿಪೊಟ್ಟಣದಷ್ಟು ಅಗಲದ ಒಂದು ಬೋರ್ಡು. ಅದರ ಒಂದು ಮೂಲೆಗೆ ಮೂರು ಕಾಲಿನ 7805 ಎಂಬ ರೆಗ್ಯುಲೇಟರು, ಅದರ ಬೆನ್ನಿಗೆ ಅಲ್ಯುಮಿನಿಯಂ ಪಟ್ಟಿ. ಅಡಾಪ್ಟರಿನಿಂದ ಬರುವ 9 ವೋಲ್ಟನ್ನು 5ಕ್ಕೆ ಇಳಿಸುವುದು ಅದರ ಕೆಲಸ, ಹೆಚ್ಚಾಗಿ ಸುಡುತ್ತಿದ್ದುದೂ ಅದೇ. ಪಕ್ಕದಲ್ಲಿ ನಾಲ್ಕಾರು ಕೆಪಾಸಿಟರು. ನಟ್ಟ ನಡುವೆ ಡಾಂಬರು ತೊಟ್ಟಿಕ್ಕಿ ಗಟ್ಟಿಯಾದಂಥ ಒಂದು ಕಪ್ಪು ಗುಬಟೆ, ಎಂಟಾಣೆ ನಾಣ್ಯದಷ್ಟು. ಅದರಿಂದ ಕೂದಲೆಳೆಯಂಥ ತಾಮ್ರದ ಗೆರೆಗಳು ಸುತ್ತಲೂ ಹರಡಿದ್ದವು. ಮಾವ ಸ್ಕ್ರೂಡ್ರೈವರಿನ ತುದಿಯಿಂದ ಅದನ್ನು ಮುಟ್ಟಿ ತೋರಿಸಿದ. ‘ಈ ಕರೇ ಹನಿ ಐತಲ್ಲ, ಇದು ಹೋತಂದ್ರ ಮುಗೀತು. ಉಳಿದದ್ದೆಲ್ಲಾ ನಾ ಹೊಂದಸ್ತೀನಿ.’

ಆ ಕರೇ ಹನಿಯ ಕೆಳಗಿದ್ದುದು ಏನೆಂದು ನನಗೆ ಗೊತ್ತಾಗಲು ಹತ್ತಾರು ವರ್ಷ ಬೇಕಾಯಿತು. ಜಪಾನಿನ ನಿಂಟೆಂಡೊ ಕಂಪನಿ 1983ರ ಜುಲೈನಲ್ಲಿ ‘ಫ್ಯಾಮಿಕಾಂ’ ಎಂಬ ಆಟದ ಯಂತ್ರ ತಂದಿತು, ಬೆಲೆ 14,800 ಯೆನ್. ಅದರೊಳಗೆ ಲೆಕ್ಕ ಮಾಡುವ ಚಿಪ್ಪು ಬೇರೆ, ಚಿತ್ರ ಬಿಡಿಸುವ ಚಿಪ್ಪು ಬೇರೆ, ಮೆಮೊರಿಯ ಚಿಪ್ಪುಗಳು ಬೇರೆ. ಲೆಕ್ಕದ ಚಿಪ್ಪಿಗೆ ಮೂಲ ಅಮೆರಿಕದ 6502. ಆ 6502 ಕೂಡ ಬೆಲೆಯ ಇತಿಹಾಸದಲ್ಲಿ ದೊಡ್ಡ ಹೆಸರು. ಅದನ್ನು ಹೋಲುವ ಚಿಪ್ಪುಗಳಿಗೆ ನೂರಾರು ಡಾಲರ್ ಹೇಳುತ್ತಿದ್ದ 1975ರಲ್ಲಿ ಅದನ್ನು ರೂಪಿಸಿದ ಚಕ್ ಪೆಡಲ್ ಮತ್ತು ಸಂಗಡಿಗರು 25 ಡಾಲರ್‌ಗೆ ಮಾರಿದರು. ಮುಂದೆ ತೈವಾನಿನ ಯುಎಂಸಿ ಕಂಪನಿ ಫ್ಯಾಮಿಕಾಂನ ಎರಡು ಮುಖ್ಯ ಚಿಪ್ಪುಗಳ ನಕಲು ಮಾಡಿತು, ಆಮೇಲೆ ಎರಡನ್ನೂ ಒಂದೇ ಚಿಪ್ಪಿನೊಳಗೆ ಕೂಡಿಸಿತು. ಹೀಗೆ ಒಂದಾದ ಚಿಪ್ಪನ್ನು ಕಾಲು, ಕವಚ ಯಾವುದೂ ಇಲ್ಲದೆ ನೇರ ಬೋರ್ಡಿಗೆ ಅಂಟಿಸಿ, ಮೇಲೆ ಕಪ್ಪು ರಾಳ ಸುರಿದರೆ ಕವಚದ ಖರ್ಚೂ ಉಳಿಯಿತು. ಮಾವ ತೋರಿಸಿದ್ದು ಅದನ್ನೇ. ಜಪಾನಿನ ಮನೆಗಳ ಯಂತ್ರ ಹತ್ತು-ಹನ್ನೆರಡು ವರ್ಷದಲ್ಲಿ ಒಂದು ಹನಿಯಾಗಿ ಮುದ್ದೇಬಿಹಾಳಕ್ಕೆ ಬಂದಿತ್ತು. ಇವತ್ತು ಸಂಕ್ರಮಣಕ್ಕೆ ವಿಜಯಪುರದ ಸಿದ್ಧೇಶ್ವರ ಜಾತ್ರೆಗೆ ಹೋದರೆ, ಅಂಗೈಯಲ್ಲಿ ಹಿಡಿಯುವ ‘ನಾನೂರು ಆಟದ’ ಪುಟ್ಟ ಯಂತ್ರಗಳು ಕೆಲವೇ ನೂರು ರೂಪಾಯಿಗೆ ಸಿಗುತ್ತವೆ, ಪರದೆ ಮತ್ತು ಬ್ಯಾಟರಿ ಸಹಿತ. ಒಳಗಿರುವುದು ಅದೇ ವಂಶದ ಚಿಪ್ಪು.

ಇದನ್ನೆಲ್ಲ ಕಣ್ಣಾರೆ ಕಂಡವನು ‘ತಡಿ, ಇಳೀತೈತಿ’ ಅನ್ನದೆ ಬೇರೆ ಏನು ಅನ್ನಬೇಕು?

ಈಗ ಇಳಿಯುವ ಬಗೆಯನ್ನು ನೋಡೋಣ. ಆಟದ ಯಂತ್ರದಲ್ಲಿ ದುಬಾರಿ ಭಾಗವೆಂದರೆ ಚಿಪ್ಪು. ಚಿಪ್ಪುಗಳನ್ನು ಒಂದೊಂದಾಗಿ ಮಾಡುವುದಿಲ್ಲ. 300 ಮಿಲಿಮೀಟರ್, ಅಂದರೆ ಸುಮಾರು ಒಂದು ಅಡಿ ಅಗಲದ ದುಂಡನೆಯ ಸಿಲಿಕಾನ್ ಬಿಲ್ಲೆಯ ಮೇಲೆ ನೂರಾರು ಚಿಪ್ಪುಗಳನ್ನು ಒಟ್ಟಿಗೆ ಮೂಡಿಸಿ, ಆಮೇಲೆ ಚೌಕ ಚೌಕವಾಗಿ ಕೊಯ್ಯುತ್ತಾರೆ. ಕಾರ್ಖಾನೆಯಲ್ಲಿ ಅದಕ್ಕೆ ವೇಫರ್ ಅನ್ನುತ್ತಾರೆ. ನಮ್ಮ ಮನೆಗಳಲ್ಲಿ ಬಡಿದು ಸುಟ್ಟು ಒಣಗಿಸುವ ದೊಡ್ಡ ಕಡಕ್ ಜೋಳದ ರೊಟ್ಟಿಯನ್ನು ನೆನೆಸಿಕೊಂಡರೆ ಸಾಕು. ರೊಟ್ಟಿ ಎಷ್ಟು ತುಂಡಾದರೂ ಒಂದು ರೊಟ್ಟಿಯ ಖರ್ಚು ಒಂದೇ. ತುಂಡು ಹೆಚ್ಚಾದಷ್ಟೂ ಒಂದೊಂದು ತುಂಡಿನ ಪಾಲಿಗೆ ಬರುವ ಖರ್ಚು ಕಡಿಮೆ. ಅಂಚಿನಲ್ಲಿ ಅರೆಬರೆ ಆದದ್ದು ವ್ಯರ್ಥ.

ರೊಟ್ಟಿಯ ಮೇಲೆ ಅಲ್ಲಲ್ಲಿ ಕರಿಚುಕ್ಕೆ ಬೀಳುತ್ತದಲ್ಲ, ಹಾಗೆ ಬಿಲ್ಲೆಯ ಮೇಲೂ ಕಣ್ಣಿಗೆ ಕಾಣದ ದೋಷಗಳು ಬೀಳುತ್ತವೆ. ದೋಷ ಬಿದ್ದ ಚೌಕ ಸಾಮಾನ್ಯವಾಗಿ ಕೆಲಸಕ್ಕೆ ಬಾರದು. ಲೆಕ್ಕಕ್ಕೆ ಒಂದು ಬಿಲ್ಲೆಗೆ 50 ದೋಷ ಅಂದುಕೊಳ್ಳಿ. ದೊಡ್ಡ ಚೌಕ ಕೊಯ್ದು 200 ಚಿಪ್ಪು ಮಾಡಿದರೆ 50 ಹಾಳಾಗಿ 150 ಉಳಿಯುತ್ತವೆ. ಅದೇ ಬಿಲ್ಲೆಯಲ್ಲಿ ಸಣ್ಣ ಚೌಕ ಕೊಯ್ದು 500 ಮಾಡಿದರೆ ಹಾಳಾಗುವುದು ಅವೇ 50, ಉಳಿಯುವುದು 450. ತುಂಡಿನ ಸಂಖ್ಯೆ ಎರಡೂವರೆ ಪಟ್ಟಾದರೆ ಒಳ್ಳೆಯ ಚಿಪ್ಪು ಮೂರು ಪಟ್ಟಾಯಿತು.

ಹಾಗಾದರೆ ಚಿಪ್ಪು ಸಣ್ಣದಾಗುವುದು ಹೇಗೆ? ಇಳಕಲ್ ಸೀರೆಯ ಮೇಲೆ ಕಸೂತಿ ಹಾಕುವವರನ್ನು ಕೇಳಿ. ಅದೇ ಗೋಪುರ, ಅದೇ ತೇರು. ಎಳೆ ಸಣ್ಣದಾದರೆ, ಹೊಲಿಗೆ ಒತ್ತಾಗಿ ಬಂದರೆ ಚಿತ್ತಾರ ಅರ್ಧ ಗೇಣಿನಲ್ಲಿ ಮುಗಿಯುತ್ತದೆ. ಚಿಪ್ಪಿನ ಕಾರ್ಖಾನೆಗಳು ಎರಡು-ಮೂರು ವರ್ಷಕ್ಕೊಮ್ಮೆ ಇನ್ನೂ ಸಣ್ಣ ಗೆರೆ ಎಳೆಯಲು ಕಲಿಯುತ್ತ ಬಂದವು. ಆಟದ ಯಂತ್ರಕ್ಕೆ ಇದು ಹೇಳಿ ಮಾಡಿಸಿದಂಥ ಅನುಕೂಲ. ಮೊಬೈಲು ವರ್ಷಕ್ಕೊಮ್ಮೆ ಹೊಸ ಚಿತ್ತಾರ ಕೇಳುತ್ತದೆ. ಆಟದ ಯಂತ್ರ ಏಳೆಂಟು ವರ್ಷ ಒಂದೇ ಚಿತ್ತಾರವನ್ನು ಇಟ್ಟುಕೊಳ್ಳಬೇಕು, ಇಲ್ಲದಿದ್ದರೆ ಹಳೆಯ ಆಟ ನಡೆಯುವುದಿಲ್ಲ. ಆದ್ದರಿಂದ ಗೆರೆ ಸಣ್ಣದಾದ ಲಾಭವೆಲ್ಲ ನೇರವಾಗಿ ಖರ್ಚಿನ ಇಳಿಕೆಗೇ ಸಲ್ಲುತ್ತಿತ್ತು.

ಇದಕ್ಕೆ ಪ್ಲೇಸ್ಟೇಷನ್ 2ಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. 2000ದಲ್ಲಿ ಅದು ಬಂದಾಗ ಮುಖ್ಯ ಚಿಪ್ಪುಗಳು ಎರಡು: ಒಂದು 240 ಚದರ ಮಿಲಿಮೀಟರ್, ಇನ್ನೊಂದು 279. ಕೂಡಿಸಿದರೆ 519. 2003ರ ಹೊತ್ತಿಗೆ ಸೋನಿ ಎರಡನ್ನೂ ಒಂದೇ ಚಿಪ್ಪಿಗೆ ತಂದಿತು. ಅದರ ಅಳತೆ 86. ಆರರಲ್ಲಿ ಒಂದು ಪಾಲು! 2004ರಲ್ಲಿ ಬಂದ ತೆಳ್ಳಗಿನ ಮಾದರಿಯ ಹೊಟ್ಟೆಯಲ್ಲಿದ್ದುದು ಇದೇ. ಅಮೆರಿಕದಲ್ಲಿ ಪ್ಲೇಸ್ಟೇಷನ್ 2ರ ಬೆಲೆ 2000ದಲ್ಲಿ 299 ಡಾಲರ್, 2002ರಲ್ಲಿ 199, 2004ರಲ್ಲಿ 149, 2006ರಲ್ಲಿ 129, 2009ರಲ್ಲಿ 99.

ಚಿಪ್ಪು ಸಣ್ಣದಾದ ಮೇಲೆ ಉಳಿದವೂ ಅದರ ಬೆನ್ನಿಗೆ ಇಳಿಯುತ್ತವೆ. ಸಣ್ಣ ಚಿಪ್ಪು ಕಡಿಮೆ ಕರೆಂಟು ತಿನ್ನುತ್ತದೆ, ಕಡಿಮೆ ಕಾಯುತ್ತದೆ. ಕಾವು ಕಡಿಮೆಯಾದರೆ ಅದನ್ನು ಹೀರುವ ಲೋಹದ ದಿಮ್ಮಿ ಸಣ್ಣದು ಸಾಕು, ಫ್ಯಾನೂ ಸಣ್ಣದು ಸಾಕು. ಪವರ್ ಸಪ್ಲೈ ಚಿಕ್ಕದಾಗುತ್ತದೆ. ಪೆಟ್ಟಿಗೆ ಚಿಕ್ಕದಾದರೆ ಪ್ಲಾಸ್ಟಿಕ್ಕು, ಥರ್ಮಾಕೋಲು, ರಟ್ಟು ಎಲ್ಲ ಕಡಿಮೆ, ಹಡಗಿನ ಕಂಟೇನರಿನಲ್ಲಿ ಹಿಡಿಯುವ ಪೆಟ್ಟಿಗೆಗಳು ಹೆಚ್ಚು. ಪ್ಲೇಸ್ಟೇಷನ್ 3 ಮೊದಲು 5 ಕಿಲೋ ತೂಗುತ್ತಿತ್ತು, 380 ವಾಟ್ ಪವರ್ ಸಪ್ಲೈ ಇತ್ತು. 2009ರ ತೆಳ್ಳಗಿನ ಮಾದರಿ 3.2 ಕಿಲೋ, 250 ವಾಟ್. ಅದರ ‘ಸೆಲ್’ ಎಂಬ ಚಿಪ್ಪು 235 ಚದರ ಮಿಲಿಮೀಟರಿನಿಂದ 115ಕ್ಕೆ ಇಳಿದಿತ್ತು. ಒಂದು ಬಿಲ್ಲೆಯಲ್ಲಿ ಮೊದಲು ಸುಮಾರು 255 ಚೌಕ ಕೊಯ್ಯಬಹುದಾದ ಕಡೆ ಈಗ ಸುಮಾರು 550. ಆ ಚಿಪ್ಪಿನಲ್ಲಿ ನನಗೆ ತುಂಬ ಹಿಡಿಸಿದ ಒಂದು ಉಪಾಯವೂ ಇದೆ: ಒಳಗೆ ಎಂಟು ಸಣ್ಣ ಲೆಕ್ಕಯಂತ್ರಗಳನ್ನು ಮೂಡಿಸಿ, ಬಳಸಿದ್ದು ಏಳೇ. ಒಂದರ ಮೇಲೆ ಕರಿಚುಕ್ಕೆ ಬಿದ್ದಿದ್ದರೂ ಚಿಪ್ಪನ್ನು ಎಸೆಯಬೇಕಿಲ್ಲ.

ಕೆಲವು ಸಲ ಬೆಲೆ ಇಳಿಯುವುದು ಏನನ್ನಾದರೂ ಕಿತ್ತುಹಾಕಿದ್ದರಿಂದ. 2007ರ ಕೊನೆಗೆ ಬಂದ 40 ಜಿಬಿಯ ಪ್ಲೇಸ್ಟೇಷನ್ 3 ಹಳೆಯ ಪ್ಲೇಸ್ಟೇಷನ್ 2ರ ಆಟಗಳನ್ನು ನಡೆಸುತ್ತಿರಲಿಲ್ಲ, ಅದರಲ್ಲಿ ಮೆಮೊರಿ ಕಾರ್ಡ್ ಹಾಕುವ ಜಾಗ ಇರಲಿಲ್ಲ, ನಾಲ್ಕು ಯುಎಸ್‌ಬಿ ಕಿಂಡಿಗಳ ಬದಲು ಎರಡೇ ಇದ್ದವು. ಬೆಲೆ 399 ಡಾಲರ್. ‘ಇಳಿದಿದೆ’ ಎಂದಾಗ ಏನು ಇಳಿದಿದೆ ಎಂದು ಕೇಳುವುದು ಒಳ್ಳೆಯದು.

ಬೆಲೆ ಇಳಿಯುವ ಬೇರೊಂದು ಬಗೆಯ ಜೊತೆ ಇದನ್ನು ಹೋಲಿಸಿ ನೋಡಲು ನಮ್ಮ ಕಡೆಯ ಇಂಡಿ ಊರಿನ ಲಿಂಬೆಯ ಮಾತು ಬರಬೇಕು. ಇಂಡಿ ಲಿಂಬೆಗೆ 2023ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ, ಲಿಂಬೆ ಅಭಿವೃದ್ಧಿ ಮಂಡಳಿಯ ಕಚೇರಿಯೂ ಅಲ್ಲೇ ಇದೆ. ಆದರೂ ನಮ್ಮ ಬೀಗರೊಬ್ಬರು ಮಳೆಗಾಲದಲ್ಲಿ ಧಾರಣೆ ಬಿದ್ದಾಗ ಹಣ್ಣು ಕೀಳಿಸುವ ಕೂಲಿಯೂ ಹುಟ್ಟದೆ ಗಿಡದಲ್ಲೇ ಬಿಟ್ಟದ್ದನ್ನು ನೋಡಿದ್ದೇನೆ. ಲಿಂಬೆಯ ಧಾರಣೆ ಬಿದ್ದರೆ ಅದು ಬೆಳೆದವನ ಮೈಮೇಲೆ ಬಿತ್ತು ಎಂದೇ ಅರ್ಥ. ಅವನ ಗೊಬ್ಬರ, ನೀರು, ಕೂಲಿ ಯಾವುದೂ ಇಳಿದಿರುವುದಿಲ್ಲ. ಆಟದ ಯಂತ್ರದಲ್ಲಿ ಕ್ರಮ ತಿರುವುಮುರುವು: ಮಾಡುವ ಖರ್ಚು ಮೊದಲು ಇಳಿಯುತ್ತದೆ, ಮಾರುವ ಬೆಲೆ ಅದರ ಹಿಂದೆ ನಿಧಾನಕ್ಕೆ ಬರುತ್ತದೆ.

ಆದರೆ ಮೊದಲ ಒಂದೆರಡು ವರ್ಷ ಇಲ್ಲಿಯೂ ಲಿಂಬೆಯಂಥ ನಷ್ಟದ ಮಾರಾಟ ನಡೆಯುತ್ತದೆ, ಬೇಕೆಂದೇ. 2006ರ ನವೆಂಬರ್‌ನಲ್ಲಿ ಪ್ಲೇಸ್ಟೇಷನ್ 3 ಅಮೆರಿಕದಲ್ಲಿ ಬಂದಾಗ ಐಸಪ್ಲೈ ಎಂಬ ಸಂಸ್ಥೆ ಅದನ್ನು ಬಿಚ್ಚಿ, ಭಾಗ ಭಾಗಕ್ಕೂ ಬೆಲೆ ಕಟ್ಟಿತು. 20 ಜಿಬಿ ಮಾದರಿಗೆ ತಗುಲುವ ಖರ್ಚು ಸುಮಾರು 805 ಡಾಲರ್, ಮಾರುತ್ತಿದ್ದುದು 499ಕ್ಕೆ. 60 ಜಿಬಿಗೆ ಸುಮಾರು 840, ಮಾರುತ್ತಿದ್ದುದು 599ಕ್ಕೆ. ಒಂದೊಂದು ಪೆಟ್ಟಿಗೆಗೂ ಇನ್ನೂರು ಮುನ್ನೂರು ಡಾಲರ್ ಕೈಯಿಂದ ಹೋಗುತ್ತಿತ್ತು. ಈ ನಷ್ಟ ತುಂಬುವುದು ಆಟಗಳಿಂದ. ಯಾರು ಆಟ ಮಾಡಿ ಮಾರಿದರೂ ಯಂತ್ರ ಮಾಡಿದ ಕಂಪನಿಗೆ ಪಾಲು ಸಲ್ಲಬೇಕು. ಮೈಕ್ರೋಸಾಫ್ಟ್ ಅಂತೂ ತನ್ನ ಎಕ್ಸ್‌ಬಾಕ್ಸ್ ಯಂತ್ರಗಳನ್ನು ಒಮ್ಮೆಯೂ ಲಾಭಕ್ಕೆ ಮಾರಿಲ್ಲ ಎಂದು ಅದರ ಅಧಿಕಾರಿಯೇ 2021ರಲ್ಲಿ ಅಮೆರಿಕದ ನ್ಯಾಯಾಲಯದಲ್ಲಿ ಹೇಳಿದರು. ಅಂದರೆ ಪೆಟ್ಟಿಗೆಯ ಮೇಲಿನ ಬೆಲೆ ಪೂರ್ತಿ ಬೆಲೆಯಲ್ಲ. ಉಳಿದದ್ದನ್ನು ನಾವು ಆಟ ಕೊಂಡಾಗಲೆಲ್ಲ ಕಂತಿನಂತೆ ಕಟ್ಟುತ್ತಿರುತ್ತೇವೆ. ಮಾವನ ಮೇಜಿನ ಮೇಲಿನ ಟಿವಿ ಗೇಮಿಗೆ ಈ ಏರ್ಪಾಡು ಇರಲಿಲ್ಲ. ಅದನ್ನು ಮಾಡಿದವನಿಗೆ ಆಮೇಲೆ ಏನೂ ಬರುವಂತಿರಲಿಲ್ಲ, ಹಾಗಾಗಿ ಅದರ ಬೆಲೆಯೇ ಅದರ ನಿಜವಾದ ಬೆಲೆ.

ಇದು ಗೊತ್ತಿದ್ದರೆ ಇನ್ನೊಂದು ಸಂಗತಿ ಬಿಡಿಸಿಕೊಳ್ಳುತ್ತದೆ. ಮಾಡುವ ಖರ್ಚು ಇಳಿದ ಕೂಡಲೇ ಬೆಲೆ ಇಳಿಯುವುದಿಲ್ಲ. ಮೊದಲು ಕಂಪನಿಯ ನಷ್ಟ ತುಂಬಬೇಕು. ಸೋನಿ ಪ್ಲೇಸ್ಟೇಷನ್ 3ರ ಬೆಲೆಯನ್ನು 299 ಡಾಲರಿಗೆ ಇಳಿಸಿದ್ದು 2009ರಲ್ಲಿ, ಪೈಪೋಟಿಯಲ್ಲಿ ಹಿಂದೆ ಬಿದ್ದಿದ್ದಾಗ. ಎದುರಾಳಿ ಗಟ್ಟಿ ಇಲ್ಲದಿದ್ದರೆ ಇಳಿಸುವ ಅವಸರ ಯಾರಿಗೂ ಇರುವುದಿಲ್ಲ. ನಿಂಟೆಂಡೊ 2017ರಲ್ಲಿ 299 ಡಾಲರಿಗೆ ತಂದ ‘ಸ್ವಿಚ್’ ಯಂತ್ರದ ಬೆಲೆಯನ್ನು ಅಮೆರಿಕದಲ್ಲಿ ಇಳಿಸಲೇ ಇಲ್ಲ, 2025ರ ಆಗಸ್ಟ್‌ನಲ್ಲಿ ಏರಿಸಿತು.

ಹುಡುಗನ ಪ್ಲೇಸ್ಟೇಷನ್ 5ರ ವಿಷಯಕ್ಕೆ ಬರೋಣ. ಅದರ ಮುಖ್ಯ ಚಿಪ್ಪು 2020ರಲ್ಲಿ ಸುಮಾರು 308 ಚದರ ಮಿಲಿಮೀಟರ್ ಇತ್ತು. 2022ರಲ್ಲಿ ಸಣ್ಣ ಗೆರೆಯ ಹೊಸ ಚಿಪ್ಪು ಬಂತು, ಸುಮಾರು 260. ನಾನೇ ಲೆಕ್ಕ ಹಾಕಿ ನೋಡಿದೆ: ಒಂದು ಬಿಲ್ಲೆಗೆ 190 ಇದ್ದದ್ದು 230ರಷ್ಟಾಗುತ್ತದೆ. 40 ಚಿಪ್ಪು ಹೆಚ್ಚು. ಮೂರು ವರ್ಷದಲ್ಲಿ 255ರಿಂದ 550ಕ್ಕೆ ಹೋದ ಕಾಲವನ್ನು ಇದರ ಪಕ್ಕಕ್ಕಿಟ್ಟು ನೋಡಿ. ಎಳೆ ಸಣ್ಣದು ಮಾಡುವ ಕೆಲಸ ಈಗ ಅಷ್ಟು ಕಷ್ಟವಾಗಿದೆ. ಗೆರೆ ಸಣ್ಣದಾದಂತೆ ಬಿಲ್ಲೆಯ ಖರ್ಚೇ ಏರುತ್ತ ಹೋಗುತ್ತಿದೆ. 28 ನ್ಯಾನೋಮೀಟರ್ ಎಂಬ ಹಂತದವರೆಗೆ ಚಿಪ್ಪಿನೊಳಗಿನ ಒಂದೊಂದು ಟ್ರಾನ್ಸಿಸ್ಟರಿನ ಖರ್ಚು ಸರಾಗವಾಗಿ ಇಳಿಯುತ್ತಿತ್ತು, ಅದರಾಚೆಗೆ ಆ ಇಳಿಜಾರು ಹೆಚ್ಚುಕಡಿಮೆ ಸಮತಟ್ಟಾಯಿತು. ರೊಟ್ಟಿಯ ತುಂಡು ಹೆಚ್ಚಾಯಿತು, ಜೋಳ ತುಟ್ಟಿಯಾಯಿತು ಅನ್ನಿ. ಉಳಿದದ್ದು ಕೈಗೆ ಹತ್ತುವಷ್ಟಿಲ್ಲ.

2021ರ ಮಧ್ಯದ ಹೊತ್ತಿಗೆ 499 ಡಾಲರಿನ ಮಾದರಿಯಲ್ಲಿ ತನಗೆ ನಷ್ಟವಾಗುತ್ತಿಲ್ಲ ಎಂದು ಸೋನಿ ಹೇಳಿತ್ತು. ನಾನು ಆಗ ಹಿಗ್ಗಿದ್ದೆ, ಇನ್ನು ಇಳಿಯಲೇಬೇಕು ಎಂದು. ಆದರೆ 2022ರ ಆಗಸ್ಟ್‌ನಲ್ಲಿ ಯುರೋಪು, ಜಪಾನುಗಳಲ್ಲಿ ಬೆಲೆ ಏರಿಸಿತು, ನವೆಂಬರಿನಲ್ಲಿ ನಮ್ಮಲ್ಲಿ, 2025ರ ಆಗಸ್ಟ್‌ನಲ್ಲಿ ಅಮೆರಿಕದಲ್ಲೂ. 499 ಇದ್ದದ್ದು ಅಲ್ಲಿ 549 ಆಯಿತು. 2020ರಲ್ಲಿ 499ಕ್ಕೆ ಬಂದಿದ್ದ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ 2025ರ ಅಕ್ಟೋಬರ್‌ಗೆ 649. ಹುಟ್ಟಿ ಐದು ವರ್ಷವಾದ ಯಂತ್ರ ಹುಟ್ಟಿದ ದಿನಕ್ಕಿಂತ ತುಟ್ಟಿ ಆದದ್ದನ್ನು ನನ್ನ ಸೋದರಮಾವ ಇದ್ದಿದ್ದರೆ ನಂಬುತ್ತಿರಲಿಲ್ಲ. ಅದರ ಮೇಲೆ ಮೆಮೊರಿಯ ಕಾಟ. ಕೃತಕ ಬುದ್ಧಿಮತ್ತೆಯ ದೊಡ್ಡ ದೊಡ್ಡ ಡೇಟಾ ಸೆಂಟರುಗಳು ಮೆಮೊರಿ ಚಿಪ್ಪುಗಳನ್ನು ಸಗಟಾಗಿ ಎತ್ತಿಕೊಳ್ಳುತ್ತಿವೆ. 2025ರ ಕೊನೆಯ ತಿಂಗಳುಗಳಲ್ಲಿ ಅವುಗಳ ಬೆಲೆ ವಿಪರೀತ ಏರಿತು. ಮೆಮೊರಿ ಮಾಡುವ ಮೈಕ್ರಾನ್ ಕಂಪನಿ ‘ಕ್ರೂಷಿಯಲ್’ ಹೆಸರಿನಲ್ಲಿ ಜನಸಾಮಾನ್ಯರಿಗೆ ಮಾರುತ್ತಿದ್ದ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಡಿಸೆಂಬರಿನಲ್ಲಿ ಹೇಳಿತು. ಆಟದ ಯಂತ್ರ ಮತ್ತು ಡೇಟಾ ಸೆಂಟರು ಒಂದೇ ಕಣದ ಕಾಳಿಗೆ ಕೈ ಚಾಚಿದಾಗ ಆಟದ ಯಂತ್ರಕ್ಕೆ ಉಳಿಯುವುದು ಕಡಿಮೆ.

ಇಷ್ಟೂ ಡಾಲರಿನ ಲೆಕ್ಕ. ಸಿಂದಗಿಗೆ ಬರುವಷ್ಟರಲ್ಲಿ ಇನ್ನೂ ಮೂರು ಗೇಟು ದಾಟಬೇಕು.

ಒಂದು, ಸುಂಕ. 2018ರ ಬಜೆಟ್‌ನಲ್ಲಿ ವಿಡಿಯೋ ಗೇಮ್ ಯಂತ್ರಗಳ ಆಮದು ಸುಂಕ ಶೇ 10ರಿಂದ 20ಕ್ಕೆ ಏರಿತು. ಬಂದರಿಗೆ ಬಂದು ಇಳಿದ ಸಾಮಾನಿನ ಬೆಲೆ 100 ರೂಪಾಯಿ ಅಂದುಕೊಳ್ಳಿ. ಸುಂಕ 20. ಆ ಸುಂಕದ ಮೇಲೆ ಶೇ 10 ಸಮಾಜ ಕಲ್ಯಾಣ ಅಧಿಭಾರ, ಅಂದರೆ 2. ಒಟ್ಟು 122. ಇದೆಲ್ಲದರ ಮೇಲೆ ಶೇ 18 ಜಿಎಸ್‌ಟಿ. ಕೊನೆಗೆ 143 ರೂಪಾಯಿ 96 ಪೈಸೆ. ಸಾಗಣೆ, ಅಂಗಡಿಯವನ ಲಾಭ ಇನ್ನೂ ಸೇರಿಲ್ಲ. 2019ರ ಜನವರಿಗೆ ಮುಂಚೆ ಜಿಎಸ್‌ಟಿ ಶೇ 28 ಇತ್ತು, ಆಗ ಇದೇ ಲೆಕ್ಕ 156 ರೂಪಾಯಿ ದಾಟುತ್ತಿತ್ತು. ಸುಂಕ ಶೇಕಡಾವಾರು ಆದ್ದರಿಂದ ಅದರಲ್ಲಿ ಒಂದು ಒಳ್ಳೆಯದೂ ಇದೆ: ಮೂಲ ಬೆಲೆ 10 ರೂಪಾಯಿ ಇಳಿದರೆ ಇಲ್ಲಿ 14 ಇಳಿಯಬೇಕು. ಏರಿದಾಗಲೂ ಹಾಗೇ.

ಎರಡು, ರೂಪಾಯಿ. 2006ರಲ್ಲಿ ಒಂದು ಡಾಲರಿಗೆ ಸುಮಾರು 45 ರೂಪಾಯಿ. ಪ್ಲೇಸ್ಟೇಷನ್ 4 ಭಾರತಕ್ಕೆ ಬಂದ 2014ರ ಜನವರಿಯಲ್ಲಿ ಸುಮಾರು 62. ಪ್ಲೇಸ್ಟೇಷನ್ 5 ಬಂದಾಗ 73ರ ಆಸುಪಾಸು. 2025ರ ಡಿಸೆಂಬರಿನಲ್ಲಿ 90 ದಾಟಿತು. 45 ಎಲ್ಲಿ, 90 ಎಲ್ಲಿ. ಈ ಇಪ್ಪತ್ತು ವರ್ಷದಲ್ಲಿ ಡಾಲರ್ ಲೆಕ್ಕದಲ್ಲಿ ಬೆಲೆ ಅರ್ಧಕ್ಕಿಳಿದ ಸಾಮಾನು ನಮ್ಮ ಕೈಗೆ ಇದ್ದ ಬೆಲೆಗೇ ಬಂದಿದೆ. ಮೂರನೆಯದು ದೂರ. ರಿಪೇರಿ ಬಂದರೆ ವಿಜಯಪುರಕ್ಕೋ ಸೊಲ್ಲಾಪುರಕ್ಕೋ ಬೆಂಗಳೂರಿಗೋ ಕಳಿಸಬೇಕು. ಆ ಹೋಗಿ ಬರುವ ಖರ್ಚು, ಕಾಯುವ ದಿನಗಳು ಯಾವ ಪೆಟ್ಟಿಗೆಯ ಮೇಲೂ ಬರೆದಿರುವುದಿಲ್ಲ.

ಹಾಗಾದರೆ ನಮ್ಮ ಸಿಂದಗಿ, ಮುದ್ದೇಬಿಹಾಳದಂಥ ಊರುಗಳಲ್ಲಿ ಕೊಳ್ಳುವವರು ಏನು ನೋಡಬೇಕು? ನನಗೆ ಮುಖ್ಯ ಅನ್ನಿಸಿದ್ದನ್ನು ಹೇಳುತ್ತೇನೆ. ಹೊಸದಾಗಿ ಬಂದ ಯಂತ್ರ ತನ್ನಿಂದ ತಾನೇ ಅರ್ಧಕ್ಕೆ ಇಳಿಯುತ್ತದೆ ಎಂದು ವರ್ಷಗಟ್ಟಲೆ ಕಾಯಬೇಡಿ. ಕಾಯುವುದಾದರೆ ದಸರೆ-ದೀಪಾವಳಿಯ ಆಸುಪಾಸಿನ ಆನ್‌ಲೈನ್ ಮಾರಾಟಕ್ಕೆ ಕಾಯಿರಿ. ಅಂಥ ದಿನಗಳಲ್ಲಿ ಕಂಪನಿಗಳು ಕೆಲವೇ ದಿನಕ್ಕೆ ನಾಲ್ಕೈದು ಸಾವಿರ ಇಳಿಸುವುದುಂಟು. ಕಾಯಂ ಇಳಿಕೆಗಿಂತ ಈಗ ಇಂಥ ತಾತ್ಪೂರ್ತಿಕ ಇಳಿಕೆಯೇ ನಡೆಯುವುದು.

ಡಿಸ್ಕ್ ಇಲ್ಲದ ಮಾದರಿ ಸೋವಿ ಎಂದು ಕಣ್ಣು ಮುಚ್ಚಿ ಅದನ್ನೇ ತರಬೇಡಿ. ಹೊಸ ದೊಡ್ಡ ಆಟಗಳಿಗೆ ಸುಮಾರು ಐದು ಸಾವಿರ ರೂಪಾಯಿ ಇರುತ್ತದೆ. ಡಿಸ್ಕ್ ಆದರೆ ಆಡಿ ಮುಗಿಸಿ ಗೆಳೆಯನಿಗೆ ಮಾರಬಹುದು, ಅದಲು ಬದಲು ಮಾಡಿಕೊಳ್ಳಬಹುದು. ಡಿಸ್ಕ್ ಇಲ್ಲದ್ದರಲ್ಲಿ ಕೊಂಡದ್ದು ಕೊಂಡವನಿಗೇ ಅಂಟಿಕೊಂಡಿರುತ್ತದೆ. ನಾಲ್ಕೈದು ಡಿಸ್ಕ್ ಕೈ ಬದಲಾದರೆ ಆ ಬೆಲೆಯ ವ್ಯತ್ಯಾಸ ತೀರಿತು. ಇನ್ನೊಂದು ಲೆಕ್ಕ ಇಂಟರ್ನೆಟ್ಟಿನದು. ಕೆಲವು ಆಟಗಳು 100 ಜಿಬಿ ತೂಗುತ್ತವೆ. ಮನೆಗೆ ಫೈಬರ್ ಬಾರದೆ, ದಿನಕ್ಕೆ 2 ಜಿಬಿಯ ಮೊಬೈಲ್ ಪ್ಯಾಕಿನಲ್ಲಿ ಇಳಿಸಿಕೊಳ್ಳಬೇಕಾದರೆ ಒಂದು ಆಟಕ್ಕೆ 50 ದಿನ. ಬಸವನ ಬಾಗೇವಾಡಿಯ ಕಡೆ ಹಳ್ಳಿಯಲ್ಲಿ ಕೂತವನಿಗೆ ಇದು ಸಣ್ಣ ಮಾತಲ್ಲ.

ಬಸವನ ಬಾಗೇವಾಡಿಯ ಹೆಸರು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಅಲ್ಲಿ ನಾನು ಕೆಲವು ವರ್ಷ ಇದ್ದಾಗ ಒಂದು ಸಣ್ಣ ಖೋಲಿಯಲ್ಲಿ ಮೂರು ಟಿವಿ, ಮೂರು ಪ್ಲೇಸ್ಟೇಷನ್ 2 ಇಟ್ಟುಕೊಂಡ ಗೇಮ್ ಅಂಗಡಿ ಇತ್ತು. ತಾಸಿನ ಬಾಡಿಗೆ. ಗೋಡೆಗೆ ಸುಣ್ಣ ಇರಲಿಲ್ಲ, ಫ್ಯಾನ್ ಹುಡುಗರಿಗಿಂತ ಹೆಚ್ಚಾಗಿ ಯಂತ್ರಗಳ ಕಡೆ ತಿರುಗಿರುತ್ತಿತ್ತು. ಬೆಲೆ ಇಳಿಯದ ಸಾಮಾನನ್ನು ಊರಿಗೆ ಇಳಿಸುವ ಹಳೆಯ ದಾರಿ ಅದು. 55,000ದ ಯಂತ್ರವನ್ನು ತಾಸಿಗೆ 50 ರೂಪಾಯಿಯಂತೆ ಕೊಟ್ಟರೆ 1,100 ತಾಸು. ದಿನಕ್ಕೆ 6 ತಾಸು ನಡೆದರೆ ಆರು ತಿಂಗಳು. ಸ್ವಂತಕ್ಕೆ ಕೊಳ್ಳುವ ಹುಡುಗ ದಿನಕ್ಕೊಂದು ತಾಸು ಆಡಿದರೂ ಮೂರು ವರ್ಷದ ಆಟ. ಎರಡು-ಮೂರು ಮನೆಯವರು ಕೂಡಿ ಕೊಂಡರೂ ನಡೆಯುತ್ತದೆ, ಪಾಳಿ ಹಚ್ಚುವ ಜಗಳ ಸುಧಾರಿಸಿಕೊಂಡರೆ ಆಯಿತು.

ಹಿಂದಿನ ತಲೆಮಾರಿನ ಯಂತ್ರವನ್ನು ಸೆಕೆಂಡ್ ಹ್ಯಾಂಡ್ ಕೊಳ್ಳುವುದು ನನ್ನ ಮನಸ್ಸಿಗೆ ಒಪ್ಪುವ ದಾರಿ. ಖರ್ಚಿನ ಇಳಿಕೆಯ ದೊಡ್ಡ ಫಲ ಸಿಕ್ಕ ಕೊನೆಯ ತಲೆಮಾರು ಪ್ಲೇಸ್ಟೇಷನ್ 4. 2013ರಲ್ಲಿ 399 ಡಾಲರ್, ಭಾರತದಲ್ಲಿ 39,990 ರೂಪಾಯಿ. 2016ರ ತೆಳ್ಳಗಿನ ಮಾದರಿಗೆ 299 ಡಾಲರ್. ಕೊಳ್ಳುವಾಗ ಅರ್ಧ ತಾಸು ಆಟ ಹಚ್ಚಿ ಕೂರಬೇಕು. ಫ್ಯಾನಿನ ಸದ್ದು ಏರುತ್ತ ಹೋಗಿ ಯಂತ್ರ ತಾನಾಗಿ ಬಂದ್ ಆದರೆ ಒಳಗೆ ಧೂಳು ಕೂತಿದೆ ಅಥವಾ ಚಿಪ್ಪಿನ ಮೇಲಿನ ಪೇಸ್ಟು ಒಣಗಿದೆ ಎಂದು ಅರ್ಥ. ನಮ್ಮ ಬಯಲುಸೀಮೆಯ ಧೂಳಿಗೆ ಇದು ಸಾಮಾನ್ಯ. ಅದನ್ನು ತೋರಿಸಿ ಚೌಕಾಸಿ ಮಾಡಬಹುದು, ಸರಿಪಡಿಸುವುದೂ ಕಷ್ಟವಲ್ಲ.

ನನ್ನ ಅಣ್ಣನ ಮಗ ಕೊನೆಗೆ ಮಾಡಿದ್ದೂ ಇದನ್ನೇ. ಕೂಡಿಟ್ಟ ರೊಕ್ಕದಲ್ಲಿ ಒಂದು ಪಾಲು ತೆಗೆದು, ಇಬ್ಬರು ಗೆಳೆಯರನ್ನು ಸೇರಿಸಿಕೊಂಡು ವಿಜಯಪುರದಲ್ಲಿ ತೆಳ್ಳಗಿನ ಹಳೆಯ ಪ್ಲೇಸ್ಟೇಷನ್ 4 ತಂದ. ಹೋದ ಸಲ ಸಿಂದಗಿಗೆ ಹೋದಾಗ ಪಡಸಾಲೆಯಲ್ಲಿ ಹಳೆಯ ಪೇಪರು ಹಾಸಿ ಅದನ್ನು ಬಿಚ್ಚಿಕೊಂಡು ಕೂತಿದ್ದ. ಫ್ಯಾನಿನ ಧೂಳನ್ನು ಬ್ರಶ್ಶಿನಿಂದ ತೆಗೆದಿದ್ದ, ಚಿಪ್ಪಿನ ಮೇಲಿನ ಒಣ ಪೇಸ್ಟನ್ನು ಅರಿವೆಯಿಂದ ಒರೆಸಿದ್ದ. ಕನ್ನಡಿಯಂತೆ ಹೊಳೆಯುವ ಸಣ್ಣ ಚೌಕ ಕಾಣುತ್ತಿತ್ತು. ಅದನ್ನು ಮುಟ್ಟದಂತೆ ಮೇಲೆ ಕಂಪಾಸ್ ಪೆಟ್ಟಿಗೆಯ ಪಟ್ಟಿ ಹಿಡಿದು ಎರಡೂ ಬದಿ ಅಳೆದ, ಮೊಬೈಲಿನಲ್ಲಿ ಗುಣಿಸಿದ.

‘ಇನ್ನೂರ ಹತ್ತರ ಹತ್ರ ಬರ್ತೈತ್ರಿ ಕಾಕಾ. ಮೊದ್ಲನೇ ಮಾಡೆಲ್‌ದು 348 ಇತ್ತಂತ. ಹೌದ್ರೇನು?’

ಹೌದು ಅಂದೆ. ಅವನು ಹೊಸ ಪೇಸ್ಟಿನ ಕೊಳವೆ ಒತ್ತಿ, ಚೌಕದ ನಡುವೆ ಜೋಳದ ಕಾಳಿನಷ್ಟು ಇಟ್ಟ.